ಬಾಕ್ಸ್ ಮೇಲೆ 3200, ಒಳಗೆ 2400: ಬಯೋಸ್‌ನಲ್ಲಿ ರ‍್ಯಾಮ್ ಸ್ಪೀಡ್ ಮತ್ತು ಟೈಮಿಂಗ್ ಸರಿಮಾಡುವ ಬಗೆ

ಅಕ್ಕನ ಮಗ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ತಾನೇ ಕಂಪ್ಯೂಟರ್ ಜೋಡಿಸಿದ್ದ. ರಾತ್ರಿ ಹತ್ತೂವರೆಗೆ ಫೋನ್. "ಮಾವ, ರ‍್ಯಾಮ್ ಬಾಕ್ಸ್ ಮೇಲೆ 3200 ಅಂತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 2400 ತೋರಿಸ್ತಿದೆ. ಅಂಗಡಿಯವರು ಟೋಪಿ ಹಾಕಿದ್ರಾ?"

ಯಾರೂ ಟೋಪಿ ಹಾಕಿರಲಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ ಮದರ್‌ಬೋರ್ಡ್‌ನ ಸಾಫ್ಟ್‌ವೇರ್) ಒಂದು ಆಯ್ಕೆ ಆನ್ ಮಾಡುವುದು ಬಾಕಿ ಇತ್ತು, ಅಷ್ಟೇ. ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್‌ಗಳು ವರ್ಷಗಟ್ಟಲೆ ಹೀಗೇ ಓಡುತ್ತಿರುತ್ತವೆ. ಆ ಒಂದು ಆಯ್ಕೆಯಿಂದ ಶುರು ಮಾಡಿ, ಬೇಕಾದವರಿಗೆ ಟೈಮಿಂಗ್‌ಗಳನ್ನು (ರ‍್ಯಾಮ್ ಒಂದೊಂದು ಕೆಲಸಕ್ಕೆ ಕಾಯುವ ಹೊತ್ತು) ಕೈಯಾರೆ ಬಿಗಿ ಮಾಡುವವರೆಗೆ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಅವನ ಮೆಷಿನ್ನೇ ಇರಲಿ: ರೈಜನ್ 5 5600ಜಿ, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಬಳಸುವುದರಿಂದ ಇಂಥ ಮೆಷಿನ್‌ಗೆ ಇದರ ಲಾಭ ಎಲ್ಲಕ್ಕಿಂತ ಜಾಸ್ತಿ.

ಬಾಕ್ಸ್ ಮೇಲಿನ ಸಂಖ್ಯೆ ಯಾಕೆ ತಾನಾಗಿ ಬರುವುದಿಲ್ಲ

ಪ್ರತಿ ರ‍್ಯಾಮ್ ಸ್ಟಿಕ್ ಮೇಲೂ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ ಇದೆ. ಅದು ಆ ಸ್ಟಿಕ್‌ನ ಜಾತಕ. ಅದರ ಮೊದಲ ಭಾಗದಲ್ಲಿ ಜೆಡೆಕ್ ಸಂಸ್ಥೆ ಗೊತ್ತುಮಾಡಿದ ಸ್ಪೀಡ್‌ಗಳಿರುತ್ತವೆ. ಡಿಡಿಆರ್4ಗೆ ಅವು 2133, 2400, 2666, 2933, 3200. ವೋಲ್ಟೇಜ್ 1.2. ಎರಡನೇ ಭಾಗದಲ್ಲಿ ತಯಾರಿಸಿದವರು ತಾವೇ ಪರೀಕ್ಷೆ ಮಾಡಿ ಬರೆದ ವೇಗದ ಲೆಕ್ಕ, ಅಂದರೆ ಪ್ರೊಫೈಲ್, ಇರುತ್ತದೆ. ಇದಕ್ಕೆ ಇಂಟೆಲ್ ಇಟ್ಟ ಹೆಸರು ಎಕ್ಸ್‌ಎಂಪಿ. ನಮ್ಮ ಹುಡುಗನ ಸ್ಟಿಕ್‌ನಲ್ಲಿ ಅಲ್ಲಿ ಬರೆದಿದ್ದದ್ದು ಸ್ಪೀಡ್ 3200, ಟೈಮಿಂಗ್ 16-18-18-36, 1.35 ವೋಲ್ಟ್.

ಬಯೋಸ್ ಅಪಾಯ ಬೇಡ ಅಂತ ಮೊದಲ ಭಾಗವನ್ನಷ್ಟೇ ಓದಿ ಸುಮ್ಮನಾಗುತ್ತದೆ. ಎರಡನೆಯದನ್ನು ಓದು ಅಂತ ನಾವೇ ಹೇಳಬೇಕು.

ಕೆಲವು ಸ್ಟಿಕ್‌ಗಳು ಜೆಡೆಕ್ ಲೆಕ್ಕದಲ್ಲೇ 3200 ಇರುತ್ತವೆ. ಅವುಗಳ ಟೈಮಿಂಗ್ 22-22-22, ವೋಲ್ಟೇಜ್ 1.2. ಅಂಥವು ಏನೂ ಮಾಡದೆ 3200ರಲ್ಲಿ ಓಡುತ್ತವೆ. ನಿಮ್ಮದೂ ಹಾಗಿದ್ದರೆ ಬಯೋಸ್‌ನಲ್ಲಿ ಪ್ರೊಫೈಲ್ ಕಾಣಿಸದೇ ಇರಬಹುದು. ಗಾಬರಿ ಬೇಡ.

ಕಂಪ್ಯೂಟರ್‌ನ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದವರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ಅಲ್ಲಿ 3200 ಬದಲು 1600 ಅಂತ ಇರುತ್ತದೆ! ಡಿಡಿಆರ್ ರ‍್ಯಾಮ್ ಒಂದು ಗಡಿಯಾರದ ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ. ಗಡಿಯಾರ ನಿಜವಾಗಿ 1600 ಮೆಗಾಹರ್ಟ್ಸ್, ಸಾಗಾಟ ಅದರ ಎರಡರಷ್ಟು. ಸಿಪಿಯು-ಝಡ್ ಬಡಿತ ಹೇಳುತ್ತದೆ, ಬಾಕ್ಸ್ ಸಾಗಾಟ ಹೇಳುತ್ತದೆ. ಎರಡೂ ಸರಿಯೇ.

ಆ ನಾಲ್ಕು ಸಂಖ್ಯೆಗಳ ಕಥೆ

16-18-18-36 ಅಂದರೆ ಏನು? ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಳ್ಳಿ. ಹಳೇ ಪಹಣಿಗೆ ಅರ್ಜಿ ಕೊಟ್ಟಿದ್ದೀರಿ. ಗುಮಾಸ್ತರು ಎದ್ದು ಹೋಗಿ ಕಪಾಟಿನಿಂದ ದಪ್ಪ ರಿಜಿಸ್ಟರ್ ಇಳಿಸಿ ಮೇಜಿನ ಮೇಲೆ ಬಿಚ್ಚುತ್ತಾರೆ. ಇದಕ್ಕೆ ಹಿಡಿಯುವ ಹೊತ್ತು ಆರ್‌ಸಿಡಿ. ಬಿಚ್ಚಿದ ರಿಜಿಸ್ಟರ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಿ ಓದಿ ಹೇಳುವ ಹೊತ್ತು ಸಿಎಲ್. ಬೇರೆ ರಿಜಿಸ್ಟರ್ ಬೇಕಾದರೆ ಇದನ್ನು ಮುಚ್ಚಿ ಕಪಾಟಿಗೆ ಇಡಬೇಕಲ್ಲ, ಆ ಹೊತ್ತು ಆರ್‌ಪಿ. ಇಳಿಸಿದ ರಿಜಿಸ್ಟರ್ ಕಡಿಮೆ ಅಂದರೂ ಇಷ್ಟು ಹೊತ್ತು ಮೇಜಿನ ಮೇಲೆ ಇರಲೇಬೇಕು ಅನ್ನುವ ನಿಯಮ ಆರ್‌ಎಎಸ್. ಬರೆಯುವ ಕ್ರಮ ಸಿಎಲ್, ಆರ್‌ಸಿಡಿ, ಆರ್‌ಪಿ, ಆರ್‌ಎಎಸ್. ಬಯೋಸ್‌ನಲ್ಲಿ ಇವುಗಳ ಮುಂದೆ ಒಂದು ಸಣ್ಣ 'ಟಿ' ಇರುತ್ತದೆ. ಟೈಮ್‌ನ ಟಿ.

ರ‍್ಯಾಮ್ ಒಳಗೆ ರಿಜಿಸ್ಟರ್ ಅಂದರೆ ಒಂದು ಅಡ್ಡಸಾಲು, ಸರ್ವೆ ನಂಬರ್ ಅಂದರೆ ಒಂದು ಕಂಬಸಾಲು. ಸಾಲನ್ನು ಓದಿದಾಗ ಅದರೊಳಗಿನ ಚಾರ್ಜ್ ಖಾಲಿಯಾಗುತ್ತದೆ. ಅದನ್ನು ಮತ್ತೆ ತುಂಬಿಯೇ ಮುಚ್ಚಬೇಕು. ಆರ್‌ಎಎಸ್ ಅನ್ನುವ ನಿಯಮ ಇರುವುದು ಅದಕ್ಕೇ.

ಈ ಸಂಖ್ಯೆಗಳೆಲ್ಲ ಸೆಕೆಂಡ್ ಅಲ್ಲ, ಗಡಿಯಾರದ ಬಡಿತಗಳ ಎಣಿಕೆ. ಬಡಿತ ಜೋರಾದರೆ ಅದೇ 16 ಬೇಗ ಮುಗಿಯುತ್ತದೆ. ಆದ್ದರಿಂದ ಬರೀ ಸಿಎಲ್ ನೋಡಿ ಒಳ್ಳೆಯ ರ‍್ಯಾಮ್, ಕೆಟ್ಟ ರ‍್ಯಾಮ್ ಅನ್ನಲು ಆಗುವುದಿಲ್ಲ. ಒಂದು ಸಣ್ಣ ಲೆಕ್ಕ ಮಾಡಿ: ಸಿಎಲ್ ಅನ್ನು 2000ದಿಂದ ಗುಣಿಸಿ, ಸ್ಪೀಡ್‌ನಿಂದ ಭಾಗಿಸಿ. ಬರುವುದು ನ್ಯಾನೋಸೆಕೆಂಡ್.

2400 ಸಿಎಲ್ 17 ಅಂದರೆ 14.2. 3200 ಸಿಎಲ್ 22 ಅಂದರೆ 13.75. 3200 ಸಿಎಲ್ 16 ಅಂದರೆ ಸರಿಯಾಗಿ 10. 3600 ಸಿಎಲ್ 18 ಕೂಡ 10. ಡಿಡಿಆರ್5ನ 6000 ಸಿಎಲ್ 30 ಕೂಡ 10! ಕಾಯುವ ಹೊತ್ತು ಈ ಮೂರರಲ್ಲೂ ಅಷ್ಟೇ, ಆದರೆ ಸ್ಪೀಡ್ ಏರಿದಂತೆ ದಾರಿ ಅಗಲವಾಗುತ್ತದೆ. ಎರಡು ಚಾನೆಲ್‌ನಲ್ಲಿ (ಪ್ರೊಸೆಸರ್‌ಗೂ ರ‍್ಯಾಮಿಗೂ ನಡುವೆ ಎರಡು ದಾರಿ) 2400 ಅಂದರೆ ಸೆಕೆಂಡಿಗೆ 38.4 ಜಿಬಿ, 3200 ಅಂದರೆ 51.2 ಜಿಬಿ. ಅಕ್ಕನ ಮಗ ದುಡ್ಡು ಕೊಟ್ಟು ತಂದದ್ದರಲ್ಲಿ ನಾಲ್ಕನೇ ಒಂದು ಭಾಗ ಬಳಕೆಗೇ ಬಂದಿರಲಿಲ್ಲ.

ಕೈ ಹಾಕುವ ಮುಂಚೆ

ಕ್ಯಾಬಿನೆಟ್ ತೆರೆದು ಸ್ಟಿಕ್‌ಗಳು ಯಾವ ಸ್ಲಾಟ್‌ನಲ್ಲಿವೆ ನೋಡಿ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಇರಬೇಕು. ಸಾಮಾನ್ಯವಾಗಿ ಅವುಗಳ ಹೆಸರು ಎ2, ಬಿ2. ಅಕ್ಕಪಕ್ಕ ಒಂದು, ಎರಡರಲ್ಲಿ ಹಾಕಿದರೆ ಒಂದೇ ಚಾನೆಲ್ ಆಗುತ್ತದೆ, ಅರ್ಧ ದಾರಿ ಹೋಯಿತು. ಬಯೋಸ್‌ನಲ್ಲಿ ಎಷ್ಟು ತಿಣುಕಿದರೂ ಆ ನಷ್ಟ ತುಂಬುವುದಿಲ್ಲ.

ಕ್ಯಾಬಿನೆಟ್ ತೆರೆದಿರುವಾಗಲೇ ಸಿಮಾಸ್ ಕ್ಲಿಯರ್ (ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ ಮೊದಲಿನಂತೆ ಮಾಡುವುದು) ಮಾಡುವ ಎರಡು ಪಿನ್ ಎಲ್ಲಿವೆ ಅಂತ ಬೋರ್ಡ್‌ನ ಮ್ಯಾನುಯಲ್ ನೋಡಿ ಗುರುತು ಮಾಡಿಕೊಳ್ಳಿ. ಮುಂದೆ ಸ್ಕ್ರೀನ್ ಕಪ್ಪಾಗಿ ಕೂತಾಗ ಟಾರ್ಚ್ ಹಿಡಿದು ಹುಡುಕುವ ಪಾಡು ಬೇಡ.

ವಿಂಡೋಸ್ 11 ಇದ್ದರೆ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ಬಯೋಸ್ ಸೆಟ್ಟಿಂಗ್ ಬದಲಾದಾಗ ಅಥವಾ ಸಿಮಾಸ್ ಕ್ಲಿಯರ್ ಮಾಡಿದಾಗ ವಿಂಡೋಸ್ ಆ 48 ಅಂಕಿಯ ಕೀ ಕೇಳಬಹುದು. ಅದು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಗುತ್ತದೆ. ಆ ಅಕೌಂಟ್‌ನ ಪಾಸ್‌ವರ್ಡೇ ಮರೆತಿದ್ದರೆ ಇವತ್ತೇ ಸರಿಮಾಡಿಕೊಳ್ಳಿ.

ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟು, ಆ ಡಿಸ್ಕನ್ನು ಕಳಚಿ ಎತ್ತಿಡಿ. ಕಳಚಿಡಿ ಅಂತ ಯಾಕೆ ಹೇಳುತ್ತಿದ್ದೇನೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಬೋರ್ಡ್ ಒಪ್ಪುತ್ತದೆಯೇ ಅನ್ನುವುದೂ ಮುಖ್ಯ. ಎಎಂಡಿಯ ಬಿ450, ಬಿ550ಯಂಥ ಬೋರ್ಡ್‌ಗಳಲ್ಲಿ ತೊಂದರೆ ಇಲ್ಲ. ಇಂಟೆಲ್‌ನಲ್ಲಿ 10ನೇ ತಲೆಮಾರಿನವರೆಗೆ ಝಡ್ ಸರಣಿಯ ಬೋರ್ಡ್ ಬೇಕಿತ್ತು. 2021ರ ಬಿ560ಯಿಂದ ಬಿ ಸರಣಿಗೂ ಬಂತು. ಎಚ್610ರಲ್ಲಿ ಮೆಮೊರಿ ಓವರ್‌ಕ್ಲಾಕಿಂಗ್, ಅಂದರೆ ಗೊತ್ತುಮಾಡಿದ ಸ್ಪೀಡ್ ದಾಟಿ ಓಡಿಸುವ ಸೌಲಭ್ಯ, ಇಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ, ಕಂಪನಿ ಜೋಡಿಸಿ ಕೊಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಈ ಆಯ್ಕೆಗಳೇ ಕಾಣಿಸುವುದಿಲ್ಲ. ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

ಪ್ರೊಫೈಲ್ ಆನ್ ಮಾಡುವುದು

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಕೀಯನ್ನು ಪಟಪಟ ಒತ್ತುತ್ತಿರಿ. ಕೆಲವು ಬೋರ್ಡ್‌ಗೆ ಎಫ್2. ಫಾಸ್ಟ್ ಬೂಟ್‌ನಿಂದಾಗಿ ಬಯೋಸ್ ಸಿಗದೆ ಸೀದಾ ವಿಂಡೋಸ್‌ಗೇ ಹೋಗುತ್ತಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಅಂತ ಹೋದರೆ ಬಯೋಸ್ ತಾನಾಗಿ ತೆರೆಯುತ್ತದೆ.

ಮೊದಲು ಕಾಣುವುದು ಈಸಿ ಮೋಡ್, ಬಣ್ಣಬಣ್ಣದ ಪುಟ. ಪ್ರೊಫೈಲ್ ಆಯ್ಕೆ ಎಷ್ಟೋ ಬೋರ್ಡ್‌ಗಳಲ್ಲಿ ಇಲ್ಲೇ ಇರುತ್ತದೆ. ಇಲ್ಲದಿದ್ದರೆ ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ. ಏಸಸ್, ಎಂಎಸ್‌ಐ ಬೋರ್ಡ್‌ಗಳಲ್ಲಿ ಎಫ್7 ಒತ್ತಿದರೆ ಆಯಿತು. ಅಲ್ಲಿ ಏಸಸ್‌ನಲ್ಲಿ ಎಐ ಟ್ವೀಕರ್, ಎಂಎಸ್‌ಐಯಲ್ಲಿ ಒಸಿ, ಗಿಗಾಬೈಟ್‌ನಲ್ಲಿ ಟ್ವೀಕರ್, ಎಎಸ್‌ರಾಕ್‌ನಲ್ಲಿ ಒಸಿ ಟ್ವೀಕರ್ ಅನ್ನುವ ಪುಟ ಹುಡುಕಿ. ಪ್ರೊಫೈಲ್‌ಗೂ ಒಬ್ಬೊಬ್ಬರದು ಒಂದೊಂದು ಹೆಸರು. ಇಂಟೆಲ್ ಬೋರ್ಡ್‌ನಲ್ಲಿ ಎಕ್ಸ್‌ಎಂಪಿ. ಎಎಂಡಿ ಬೋರ್ಡ್ ಆದರೆ ಏಸಸ್ ಅದನ್ನೇ ಡಿಒಸಿಪಿ ಅನ್ನುತ್ತದೆ, ಎಂಎಸ್‌ಐ ಎ-ಎಕ್ಸ್‌ಎಂಪಿ ಅನ್ನುತ್ತದೆ. ಡಿಡಿಆರ್5 ಬಂದ ಮೇಲೆ 2022ರಲ್ಲಿ ಎಎಂಡಿ ತನ್ನದೇ ಎಕ್ಸ್‌ಪೋ ತಂದಿತು. ಹೆಸರು ಬೇರೆ, ಕೆಲಸ ಒಂದೇ.

ಪ್ರೊಫೈಲ್ 1 ಆರಿಸಿ. ಆರಿಸಿದ ಕೂಡಲೇ ಕೆಳಗೆ ಸ್ಪೀಡ್ 3200, ವೋಲ್ಟೇಜ್ 1.35 ಅಂತ ಬದಲಾಗುವುದು ಕಾಣುತ್ತದೆ. ಎಫ್10 ಒತ್ತಿ. ಏನೇನು ಬದಲಾಗಿದೆ ಅಂತ ಒಂದು ಪಟ್ಟಿ ತೋರಿಸುತ್ತದೆ. ಓದಿ, ಎಂಟರ್ ಒತ್ತಿ.

ಈಗ ಸ್ವಲ್ಪ ತಾಳ್ಮೆ ಬೇಕು. ಸ್ಕ್ರೀನ್ ಕಪ್ಪಾಗುತ್ತದೆ. ಫ್ಯಾನ್ ತಿರುಗಿ ನಿಂತು ಮತ್ತೆ ತಿರುಗಬಹುದು. ಬೋರ್ಡ್ ಹೊಸ ಸ್ಪೀಡ್‌ಗೆ ರ‍್ಯಾಮ್ ಜೊತೆ ಕುದುರಿಸಿಕೊಳ್ಳುತ್ತಿದೆ ಅಂತ ಅರ್ಥ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಡಿಡಿಆರ್4ನಲ್ಲಿ ಅರ್ಧ ನಿಮಿಷದೊಳಗೆ ಮುಗಿಯುವುದೇ ಹೆಚ್ಚು. ಡಿಡಿಆರ್5ನಲ್ಲಿ ಮೊದಲ ಸಲ ಕೆಲವು ನಿಮಿಷಗಳೇ ಹಿಡಿಯಬಹುದು. ಹೆದರಿ ಪವರ್ ಬಟನ್ ಒತ್ತಬೇಡಿ. ನಮ್ಮ ಹುಡುಗ ಒತ್ತಿದ್ದ. ಟ್ರೈನಿಂಗ್ ಮತ್ತೆ ಮೊದಲಿನಿಂದ ಶುರುವಾಯಿತು.

ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ ಅಂತ ಹೋಗಿ ನೋಡಿ. 3200 ಕಾಣಬೇಕು. ಟೈಮಿಂಗ್‌ಗಳನ್ನೂ ನೋಡಬೇಕಾದರೆ ಸಿಪಿಯು-ಝಡ್, ರೈಜನ್‌ಗೆ ಝೆನ್‌ಟೈಮಿಂಗ್ಸ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಇವೆ.

ಹತ್ತರಲ್ಲಿ ಎಂಟು ಜನ ಇಲ್ಲಿಗೇ ನಿಲ್ಲಬಹುದು, ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣುವ ಲಾಭ ಬಹುಪಾಲು ಈ ಒಂದೇ ಹೆಜ್ಜೆಯಲ್ಲಿ ಬಂದಾಯಿತು. ಆದರೆ ನಿಲ್ಲುವ ಮುಂಚೆ ಮುಂದಿನ ಭಾಗವನ್ನು ಮಾತ್ರ ಓದಿಯೇ ನಿಲ್ಲಿ.

ಬೂಟ್ ಆಯಿತು ಅಂದರೆ ಸರಿಹೋಯಿತು ಅಂತ ಅಲ್ಲ

ಒಂದು ಸಲ ನಾನು ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ. ರ‍್ಯಾಮನ್ನು 3600ಕ್ಕೆ ಏರಿಸಿ, ಟೈಮಿಂಗ್ ಬಿಗಿ ಮಾಡಿ ಬಹಳ ಹೆಮ್ಮೆಯಲ್ಲಿದ್ದೆ. ವಿಂಡೋಸ್ ಬಂತು, ಗೇಮ್ ಓಡಿತು, ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದರೂ ಏನೂ ಆಗಲಿಲ್ಲ. ಟೆಸ್ಟ್ ಯಾಕೆ ಸುಮ್ನೆ ಅಂತ ಬಿಟ್ಟೆ. ಆ ವಾರದಲ್ಲೇ ತಂಗಿ ಮದುವೆಯ ಫೋಟೋಗಳನ್ನು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಸಾಗಿಸಿ ಹಳೆಯದನ್ನು ಅಳಿಸಿದೆ. ಹದಿನೈದು ದಿನ ಬಿಟ್ಟು ಅಮ್ಮ ಧಾರೆಯ ಫೋಟೋ ನೋಡಬೇಕು ಅಂದಾಗ ತೆರೆದೆ. ಮೇಲಿನ ಅರ್ಧದಲ್ಲಿ ಮಂಟಪ, ಹೂವು, ತಂಗಿಯ ಹಣೆಯ ಬಾಸಿಂಗ. ಅದರ ಕೆಳಗೆ ಬೂದು ಬಣ್ಣದ ಪಟ್ಟಿ. ಧಾರೆ ಎರೆಯುವ ಕೈಗಳು ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಅಂಥವು ಹನ್ನೊಂದು ಫೋಟೋ.

ಡಿಸ್ಕ್ ಸರಿಯಾಗಿಯೇ ಇತ್ತು. ಕಾಪಿ ಆಗುವಾಗ ಪ್ರತಿ ಫೈಲ್ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ಅಲ್ಲಿ ಒಂದು ಬಿಟ್ ತಪ್ಪಿದರೂ ತಪ್ಪಿದ್ದೇ ಡಿಸ್ಕ್‌ಗೆ ಹೋಗಿ ಕೂರುತ್ತದೆ. ಕಂಪ್ಯೂಟರ್ ಒಂದು ಮಾತೂ ಆಡುವುದಿಲ್ಲ. ಬ್ಲೂ ಸ್ಕ್ರೀನ್ ಬಂದರೆ ನಾವು ಪುಣ್ಯವಂತರು, ಗೊತ್ತಾದರೂ ಆಗುತ್ತದೆ. ಬ್ಯಾಕಪ್ ಡಿಸ್ಕ್ ಕಳಚಿಡಿ ಅಂದದ್ದು ಇದಕ್ಕೇ.

ಟೆಸ್ಟ್ ಮಾಡುವುದು ಹೀಗೆ. ಮೆಮ್‌ಟೆಸ್ಟ್86 ಪ್ಲಸ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಇದನ್ನು ಪೆನ್ ಡ್ರೈವ್‌ಗೆ ಬರೆದು, ಅದರಿಂದಲೇ ಬೂಟ್ ಮಾಡಿ. ಬಯೋಸ್‌ನಲ್ಲಿರುವ ಸೆಕ್ಯೂರ್ ಬೂಟ್ ಅಡ್ಡ ಬಂದರೆ ಟೆಸ್ಟ್ ಮುಗಿಯುವವರೆಗೆ ಆಫ್ ಮಾಡಿ. ನಾಲ್ಕು ಪಾಸ್ (ಪೂರ್ತಿ ಸುತ್ತು) ಆಗಲಿ. 16 ಜಿಬಿಗೆ ಕೆಲವು ಗಂಟೆ ಬೇಕಾಗಬಹುದು, ರಾತ್ರಿ ಬಿಟ್ಟು ಮಲಗಿ. ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. "ಒಂದೇ ಎರರ್ ಅಲ್ವಾ" ಅನ್ನುವ ರಿಯಾಯಿತಿ ಇಲ್ಲಿ ಇಲ್ಲ.

ಅದು ಪಾಸಾದರೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಅಥವಾ ಒಸಿಸಿಟಿಯ ಮೆಮೊರಿ ಟೆಸ್ಟ್ ಒಂದು ಗಂಟೆ ಓಡಿಸಿ. ಪೆನ್ ಡ್ರೈವ್ ಟೆಸ್ಟ್‌ನಲ್ಲಿ ಸಿಗದ ತಪ್ಪುಗಳು ಇಲ್ಲಿ ಸಿಕ್ಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ನನ್ನ ಮಟ್ಟಿಗೆ ಸಾಲದು. ಪೂರ್ತಿ ಕೆಟ್ಟ ಸ್ಟಿಕ್ ಹಿಡಿಯುತ್ತದೆ, ಅಂಚಿನಲ್ಲಿ ತೂಗಾಡುವ ಟೈಮಿಂಗ್ ಹಿಡಿಯುವುದಿಲ್ಲ.

ಬೇಸಿಗೆಯ ಮಾತು ಬೇರೆಯೇ. ರ‍್ಯಾಮ್ ಬಿಸಿಯಾದಷ್ಟೂ ಅದರೊಳಗಿನ ಚಾರ್ಜ್ ಬೇಗ ಸೋರುತ್ತದೆ. ಡಿಸೆಂಬರ್ ರಾತ್ರಿ ಪಾಸಾದ ಟೈಮಿಂಗ್ ಮೇ ತಿಂಗಳ ಮಧ್ಯಾಹ್ನ ಫೇಲಾಗಬಹುದು. ಬೆಂಗಳೂರಿನಲ್ಲಿ ಕೂತು ಬಿಗಿ ಮಾಡಿದ ಮೆಷಿನ್ ಕಲಬುರಗಿಗೋ ರಾಯಚೂರಿಗೋ ಹೋಗುವುದಿದ್ದರೆ ಒಂದು ಮೆಟ್ಟಿಲು ಸಡಿಲವೇ ಇಡಿ. ಟೆಸ್ಟನ್ನೂ ಕ್ಯಾಬಿನೆಟ್ ಮುಚ್ಚಿಯೇ ಮಾಡಿ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಿಡಿದು ಪಾಸ್ ಮಾಡಿಸುವುದು ನಮಗೆ ನಾವೇ ಹಾಕಿಕೊಳ್ಳುವ ಟೋಪಿ.

3200 ದಾಟಿ 3600ಕ್ಕೆ

ಇನ್ನೂ ಓದುತ್ತಿದ್ದೀರಿ ಅಂದರೆ ನೀವು ಉಳಿದ ಇಬ್ಬರಲ್ಲಿ ಒಬ್ಬರು. ಬನ್ನಿ.

ರೈಜನ್ 3000, 5000 ಸರಣಿಯಲ್ಲಿ ಮೂರು ಗಡಿಯಾರಗಳು ಒಂದೇ ತಾಳದಲ್ಲಿ ಓಡಬೇಕು: ರ‍್ಯಾಮಿನದು, ಮೆಮೊರಿ ಕಂಟ್ರೋಲರ್‌ನದು, ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್‌ನದು. 3600 ರ‍್ಯಾಮ್‌ಗೆ ಮೂರೂ 1800 ಮೆಗಾಹರ್ಟ್ಸ್. ಹೆಚ್ಚುಕಡಿಮೆ ಎಲ್ಲ ಪ್ರೊಸೆಸರ್‌ಗಳೂ ಇಲ್ಲಿಯವರೆಗೆ ಬರುತ್ತವೆ. ಅದಕ್ಕಿಂತ ಮೇಲೆ ಹೋಗಿ ತಾಳ ತಪ್ಪಿದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುತ್ತದೆ. ಬಾಕ್ಸ್ ಮೇಲಿನ ಸಂಖ್ಯೆ ದೊಡ್ಡದು, ಕಾಯುವ ಹೊತ್ತೂ ದೊಡ್ಡದು. 4000ದ ದುಬಾರಿ ಕಿಟ್ ಕೊಂಡು 3600ಕ್ಕಿಂತ ನಿಧಾನವಾಗಿ ಓಡಿಸುವುದು ಹೀಗೆ.

ಮೊದಲು ಪ್ರೊಫೈಲ್ ಆನ್ ಇಟ್ಟೇ ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆಯಿರಿ. ಆಮೇಲೆ ಮೆಮೊರಿ ಫ್ರೀಕ್ವೆನ್ಸಿ 3600, ಎಫ್‌ಸಿಎಲ್‌ಕೆ (ಫ್ಯಾಬ್ರಿಕ್‌ನ ಗಡಿಯಾರ) 1800 ಇಡಿ. ಯುಸಿಎಲ್‌ಕೆ (ಕಂಟ್ರೋಲರ್‌ನ ಗಡಿಯಾರ) ಆಯ್ಕೆ ಕಂಡರೆ ಅದನ್ನು ಎಂಸಿಎಲ್‌ಕೆಗೆ (ರ‍್ಯಾಮಿನ ಗಡಿಯಾರ) ಸಮ ಮಾಡಿ. ಟೈಮಿಂಗ್‌ಗಳನ್ನು ಬೇಕಂತಲೇ ಸಡಿಲ ಬಿಡಿ: 18-22-22-42. ವೋಲ್ಟೇಜ್ 1.35 ಹಾಗೇ ಇರಲಿ. ಮೊದಲು ಸ್ಪೀಡ್ ನಿಲ್ಲುತ್ತದೆಯೇ ನೋಡಬೇಕು. ಎರಡನ್ನೂ ಒಟ್ಟಿಗೆ ಬದಲಾಯಿಸಿ ಫೇಲಾದರೆ ಯಾವುದು ಕಾರಣ ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಬೂಟ್ ಆಗಿ ಟೆಸ್ಟ್‌ನಲ್ಲಿ ಫೇಲಾದರೆ ರ‍್ಯಾಮ್ ವೋಲ್ಟೇಜನ್ನು 0.01, 0.02ರಂತೆ ಏರಿಸಿ ನೋಡಿ. ಮನೆಯ ಮೆಷಿನ್‌ಗೆ 1.40 ದಾಟಬಾರದು ಅನ್ನುವುದು ನಾನು ಹಾಕಿಕೊಂಡ ಗೆರೆ. ಸುಮಾರು ಚಿಪ್‌ಗಳು ಅದರ ಮೇಲೆ ವೋಲ್ಟೇಜ್ ಕೊಟ್ಟರೂ ಏನೂ ಹೆಚ್ಚು ಕೊಡುವುದಿಲ್ಲ, ಬರೀ ಬಿಸಿಯಾಗುತ್ತವೆ. ಎಸ್‌ಒಸಿ ವೋಲ್ಟೇಜ್ ಅಂತ ಇನ್ನೊಂದಿದೆ, ಅದು ಮೆಮೊರಿ ಕಂಟ್ರೋಲರ್‌ಗೆ ಹೋಗುವುದು. ಬಿ550ಯಂಥ ಎಎಂ4 ಬೋರ್ಡ್‌ನಲ್ಲಿ 1.05ರಿಂದ 1.10 ಸಾಕು. ಕೆಲವು ಬೋರ್ಡ್‌ಗಳು ಆಟೋದಲ್ಲಿ ಬಿಟ್ಟರೆ ತಾವಾಗಿ ಹೆಚ್ಚು ಕೊಡುತ್ತವೆ. ಒಮ್ಮೆ ನೋಡಿ, 1.2 ಮೀರಲು ಬಿಡಬೇಡಿ.

ಫ್ಯಾಬ್ರಿಕ್ 1800ರಲ್ಲಿ ಒದ್ದಾಡುತ್ತಿದ್ದರೆ ಮೆಮೊರಿ ಟೆಸ್ಟ್ ಪಾಸಾಗಿಯೂ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಲಾಗರ್ ಹೆಸರಿನ ಎಚ್ಚರಿಕೆಗಳು ಸಾಲು ಸಾಲು ಬರುತ್ತವೆ. ಬಂದರೆ 3533 ಅಥವಾ 3466ಕ್ಕೆ ಇಳಿದು, ಎಫ್‌ಸಿಎಲ್‌ಕೆಯನ್ನು ಅದರ ಅರ್ಧಕ್ಕೆ ಇಡಿ. ಆ ಸಣ್ಣ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ.

ಟೈಮಿಂಗ್ ಬಿಗಿ ಮಾಡುವುದು

ಒಂದು ಸಲಕ್ಕೆ ಒಂದೇ ಸಂಖ್ಯೆ. ಇಳಿಸು, ಬೂಟ್ ಮಾಡು, ಇಪ್ಪತ್ತು ನಿಮಿಷ ಟೆಸ್ಟ್ ಮಾಡು, ಬರೆದಿಡು. ಬೇಜಾರಿನ ಕೆಲಸವೇ. ಆದರೂ ಬೇರೆ ದಾರಿ ಇಲ್ಲ. ಬೇರೆ ಯಾರದೋ ಮೆಷಿನ್‌ನ ಸಂಖ್ಯೆಗಳನ್ನು ಕಾಪಿ ಹೊಡೆದರೆ ನಡೆಯುವುದಿಲ್ಲ, ಯಾಕೆಂದರೆ ಒಂದೇ ಹೆಸರಿನ ಎರಡು ಕಿಟ್‌ಗಳಲ್ಲಿ ಬೇರೆ ಬೇರೆ ಚಿಪ್ ಇರಬಹುದು. ಸ್ಯಾಮ್‌ಸಂಗ್‌ನ ಹಳೇ ಬಿ-ಡೈ ಅನ್ನುವ ಚಿಪ್ ಎಷ್ಟು ಬಿಗಿ ಮಾಡಿದರೂ ತಡೆಯುತ್ತದೆ ಅಂತ ಹೆಸರುವಾಸಿ. ಮೈಕ್ರಾನ್ ಇ-ಡೈ ಸ್ಪೀಡ್ ಏರುತ್ತದೆ, ಆದರೆ ಆರ್‌ಸಿಡಿ ಇಳಿಸಲು ಒಪ್ಪುವುದಿಲ್ಲ. ನಿಮ್ಮ ಸ್ಟಿಕ್‌ನಲ್ಲಿ ಯಾವುದಿದೆಯೋ ಅದರ ಗುಣವನ್ನು ಅದೇ ಹೇಳಬೇಕು.

ಸಿಎಲ್‌ನಿಂದ ಶುರು ಮಾಡಿ, 18ರಿಂದ 16ಕ್ಕೆ. 17 ಯಾಕೆ ಬೇಡ? ಗೇರ್ ಡೌನ್ ಮೋಡ್ ಅನ್ನುವ ಆಯ್ಕೆ ಆನ್ ಇದ್ದರೆ ರೈಜನ್ ಬೆಸ ಸಂಖ್ಯೆಯ ಸಿಎಲ್ ಒಪ್ಪುವುದಿಲ್ಲ. ನೀವು 17 ಕೊಟ್ಟರೂ ಅದು ತನ್ನ ಪಾಡಿಗೆ 18 ಮಾಡಿಕೊಳ್ಳುತ್ತದೆ. ನೀವು ಮಾತ್ರ ಏನೋ ಸಾಧಿಸಿದೆ ಅಂದುಕೊಂಡಿರುತ್ತೀರಿ. ಆ ಮೋಡನ್ನು ಆಫ್ ಮಾಡುವುದು ಸ್ಥಿರತೆಗೆ ಒಳ್ಳೆಯದಲ್ಲ, ಹಾಗೇ ಇರಲಿ. 3600ರಲ್ಲಿ ಸಿಎಲ್ 16 ನಿಂತರೆ ಕಾಯುವ ಹೊತ್ತು 8.9 ನ್ಯಾನೋಸೆಕೆಂಡಿಗೆ ಇಳಿಯಿತು.

ಆಮೇಲೆ ಆರ್‌ಸಿಡಿ ಮತ್ತು ಆರ್‌ಪಿ. ಎಎಂಡಿ ಬೋರ್ಡ್‌ನಲ್ಲಿ ಆರ್‌ಸಿಡಿ ಎರಡಿರುತ್ತದೆ, ಓದಲು ಒಂದು, ಬರೆಯಲು ಒಂದು. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು 22, 21, 20 ಅಂತ ಒಂದೊಂದೇ ಮೆಟ್ಟಿಲು ಇಳಿಯಿರಿ. ಎಲ್ಲಿ ಮುಗ್ಗರಿಸುತ್ತದೋ ಅಲ್ಲಿಂದ ಒಂದು ಮೇಲೆ ಬನ್ನಿ. ಆರ್‌ಎಎಸ್‌ಗೆ ಸಿಎಲ್ ಮತ್ತು ಆರ್‌ಸಿಡಿ ಕೂಡಿಸಿ ಎರಡು ಸೇರಿಸಿದರೆ ಸರಿಹೋಗುತ್ತದೆ. ಆರ್‌ಸಿ ಅಂದರೆ ಆರ್‌ಎಎಸ್ ಮತ್ತು ಆರ್‌ಪಿ ಎರಡರ ಮೊತ್ತ, ಅದಕ್ಕಿಂತ ಕಡಿಮೆ ಬೇಡ.

ನಿಜವಾದ ರುಚಿ ಇರುವುದು ಕೆಳಗಿನ ಪುಟದಲ್ಲಿ, ಆರ್‌ಎಫ್‌ಸಿ ಅನ್ನುವ ಸಂಖ್ಯೆಯಲ್ಲಿ. ರ‍್ಯಾಮ್ ಅಂದರೆ ಕೋಟಿಗಟ್ಟಲೆ ತೂತು ಬಿಂದಿಗೆಗಳ ಸಾಲು. ತುಂಬಿದ್ದು ಸೋರುತ್ತಲೇ ಇರುತ್ತದೆ. 64 ಮಿಲಿಸೆಕೆಂಡ್ ಒಳಗೆ ಪ್ರತಿ ಬಿಂದಿಗೆಯನ್ನೂ ಒಮ್ಮೆ ತುಂಬಿಸಲೇಬೇಕು. ಅದಕ್ಕಾಗಿ ಡಿಡಿಆರ್4ನಲ್ಲಿ ಪ್ರತಿ 7.8 ಮೈಕ್ರೋಸೆಕೆಂಡಿಗೆ ಒಂದು ಸಲ ಕೆಲಸ ನಿಲ್ಲಿಸಿ ತುಂಬಿಸುತ್ತಾರೆ. ಹಾಗೆ ಬಾಗಿಲು ಮುಚ್ಚಿರುವ ಹೊತ್ತೇ ಆರ್‌ಎಫ್‌ಸಿ. 8 ಗಿಗಾಬಿಟ್ ಚಿಪ್‌ಗೆ ಜೆಡೆಕ್ ಲೆಕ್ಕದಲ್ಲಿ ಅದು 350 ನ್ಯಾನೋಸೆಕೆಂಡ್. 3200ರಲ್ಲಿ ಎಣಿಸಿದರೆ 560 ಬಡಿತ, 3600ರಲ್ಲಿ 630. ಅಂದರೆ ರೆಕಾರ್ಡ್ ರೂಮ್ ನೂರಕ್ಕೆ ನಾಲ್ಕೂವರೆ ಪಾಲು ಹೊತ್ತು ಮುಚ್ಚಿಯೇ ಇರುತ್ತದೆ. 300 ನ್ಯಾನೋಸೆಕೆಂಡಿಗೆ ಇಳಿಸಿದರೆ 3600ರಲ್ಲಿ 540. ಮೊದಲು 600, ಆಮೇಲೆ 570, 540 ಅಂತ ಇಳಿಯಿರಿ. ಇದರ ತಪ್ಪು ಬಿಸಿಯಾದಾಗಲೇ ಹೊರಬರುವುದು. ಹಾಗಾಗಿ ಇದನ್ನು ಕೊನೆಗೆ ಮಾಡಿ, ಟೆಸ್ಟನ್ನು ಮಧ್ಯಾಹ್ನ ಓಡಿಸಿ.

ಒಂದು ಸಾಲು ತೆರೆದ ಮೇಲೆ ಇನ್ನೊಂದನ್ನು ತೆರೆಯಲು ಕಾಯುವ ಹೊತ್ತಿಗೆ ಆರ್‌ಆರ್‌ಡಿ, ಎಫ್‌ಎಡಬ್ಲ್ಯೂ ಅಂತ ಇನ್ನೆರಡಿವೆ. ಆರ್‌ಆರ್‌ಡಿ ಎಸ್ 4ರಿಂದ 6ರ ನಡುವೆ, ಎಫ್‌ಎಡಬ್ಲ್ಯೂ ಅದರ ನಾಲ್ಕರಷ್ಟು. ಉಳಿದ ಮೂವತ್ತು ಚಿಲ್ಲರೆ ಟೈಮಿಂಗ್‌ಗಳನ್ನು ಆಟೋದಲ್ಲಿ ಬಿಡಿ. ನಾನು ಎರಡು ಭಾನುವಾರ ಅದರಲ್ಲಿ ಕಳೆದಿದ್ದೇನೆ. ಬೆಂಚ್‌ಮಾರ್ಕ್‌ನಲ್ಲಿ ಕೊನೆಯ ಅಂಕಿ ಬದಲಾಯಿತು, ಮನೆಯಲ್ಲಿ ಬೈಗುಳ ಸಿಕ್ಕಿತು.

ಸ್ಕ್ರೀನ್ ಕಪ್ಪಾಗಿ ಕೂತರೆ

ಮೊದಲು ಕಾಯಿರಿ. ಕೆಲವು ಸಲ ಫೇಲಾದ ಮೇಲೆ ಹೆಚ್ಚಿನ ಬೋರ್ಡ್‌ಗಳು ತಾವಾಗಿ ಹಳೇ ಸ್ಪೀಡ್‌ಗೆ ಇಳಿದು ಬಯೋಸ್ ತೆರೆಯುತ್ತವೆ. ಹತ್ತು ನಿಮಿಷವಾದರೂ ಏನೂ ಇಲ್ಲ ಅಂದರೆ ಪವರ್ ಸಪ್ಲೈ ಆಫ್ ಮಾಡಿ, ವಯರ್ ಕಿತ್ತು, ಗುರುತು ಮಾಡಿದ್ದ ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ ಹಿಡಿಯಿರಿ. ಪಿನ್ ಸಿಗದಿದ್ದರೆ ದುಂಡನೆಯ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಆಗಲೂ ಬರದಿದ್ದರೆ ಒಂದೇ ಸ್ಟಿಕ್ಕನ್ನು ಎ2ರಲ್ಲಿ ಹಾಕಿ ಪ್ರಯತ್ನಿಸಿ. ತಪ್ಪು ಟೈಮಿಂಗ್‌ನಿಂದ ರ‍್ಯಾಮ್ ಸುಟ್ಟುಹೋಗುವುದಿಲ್ಲ. ಸುಡುವುದು ವೋಲ್ಟೇಜ್. 1.35 ಬದಲು 1.53 ಟೈಪ್ ಮಾಡಿಲ್ಲ ಅಂತ ಎಫ್10 ಒತ್ತುವ ಮುಂಚೆ ಎರಡು ಸಲ ನೋಡಿ.

ಪ್ರೊಫೈಲ್‌ನಲ್ಲೇ ಫೇಲಾಗುತ್ತಿದ್ದರೆ? ಬೇರೆ ಬೇರೆ ಸಮಯದಲ್ಲಿ ಕೊಂಡ ಸ್ಟಿಕ್‌ಗಳನ್ನು ಬೆರೆಸಿದ್ದೀರಾ ನೋಡಿ. ಹೆಚ್ಚಿನ ಸಲ ಕಾರಣ ಅದೇ. ಬಯೋಸ್ ಅಪ್‌ಡೇಟ್ ಮಾಡಿದರೂ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಕರೆಂಟ್ ಹೋಗುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್‌ಗೆ ಕೈ ಹಾಕಬೇಡಿ.

ಡಿಡಿಆರ್5 ಮತ್ತು ಇಂಟೆಲ್ ಇದ್ದವರಿಗೆ

ಕ್ರಮ ಇದೇ, ಸಂಖ್ಯೆ ಬೇರೆ. ರೈಜನ್ 7000 ಸರಣಿಗೆ 6000 ಸಿಎಲ್ 30 ಕಿಟ್ ತಂದು ಎಕ್ಸ್‌ಪೋ ಆನ್ ಮಾಡಿದರೆ ಕೆಲಸ ಮುಗಿಯಿತು. ಎಸ್‌ಒಸಿ ವೋಲ್ಟೇಜ್ ಮಾತ್ರ 1.3 ಮೀರಬಾರದು. 2023ರಲ್ಲಿ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಎಂಡಿ ಹೊಸ ಬಯೋಸ್‌ಗಳಲ್ಲಿ ಆ ಮಿತಿ ಹಾಕಿಸಿತು. ಹಳೇ ಬಯೋಸ್ ಇದ್ದರೆ ಅಪ್‌ಡೇಟ್ ಮಾಡಿಯೇ ಎಕ್ಸ್‌ಪೋ ಮುಟ್ಟಿ. ನಾಲ್ಕು ಸ್ಟಿಕ್ ಹಾಕುವ ಆಸೆ ಬೇಡ. ಈ ಸರಣಿಯಲ್ಲಿ ನಾಲ್ಕು ಹಾಕಿದರೆ ಎಎಂಡಿ ಭರವಸೆ ಕೊಡುವುದು ಬರೀ 3600ಕ್ಕೆ. 32 ಜಿಬಿ ಬೇಕಾದರೆ 16ರ ಎರಡು ತನ್ನಿ.

ಇಂಟೆಲ್‌ನ 11ನೇ ತಲೆಮಾರಿನಿಂದ ಗೇರ್ 1, ಗೇರ್ 2 ಅಂತ ಇದೆ. ಗೇರ್ 1ರಲ್ಲಿ ಕಂಟ್ರೋಲರ್ ರ‍್ಯಾಮ್‌ನ ಬಡಿತದಲ್ಲೇ ಓಡುತ್ತದೆ, 2ರಲ್ಲಿ ಅರ್ಧಕ್ಕೆ. ಡಿಡಿಆರ್4 ಇದ್ದರೆ ಗೇರ್ 1ರಲ್ಲಿ ನಿಲ್ಲುವ ಸ್ಪೀಡನ್ನೇ ಆರಿಸಿ. 12ನೇ ತಲೆಮಾರಿನಲ್ಲಿ ಹೆಸರಿನ ಕೊನೆಗೆ ಕೆ ಇಲ್ಲದ ಪ್ರೊಸೆಸರ್‌ಗಳಿಗೆ ಎಸ್‌ಎ ವೋಲ್ಟೇಜ್‌ಗೆ (ಮೆಮೊರಿ ಕಂಟ್ರೋಲರ್‌ಗೆ ಹೋಗುವುದು) ಬೀಗ ಹಾಕಿರುವುದರಿಂದ ಗೇರ್ 1ರಲ್ಲಿ 3600 ಕಷ್ಟ. 3200 ಸಿಎಲ್ 16ರಲ್ಲಿ ನೆಮ್ಮದಿಯಾಗಿರಿ. ಡಿಡಿಆರ್5ಗೆ ಗೇರ್ 2 ಮಾಮೂಲು.

ಎಲ್ಲ ಮುಗಿದ ಮೇಲೆ ಬಯೋಸ್‌ನಲ್ಲೇ ಪ್ರೊಫೈಲ್ ಸೇವ್ ಮಾಡುವ ಜಾಗ ಇರುತ್ತದೆ. ಅಲ್ಲಿ ಒಂದು ಹೆಸರು ಕೊಟ್ಟು ಉಳಿಸಿ. ಅದನ್ನೇ ನಂಬಿ ಕೂರಬೇಡಿ, ಬಯೋಸ್ ಅಪ್‌ಡೇಟ್ ಮಾಡಿದಾಗ ಅದೂ ಅಳಿಸಿಹೋಗಬಹುದು. ಅಕ್ಕನ ಮಗನ ಮೆಷಿನ್ ಈಗ 3600, 16-20-20-38ರಲ್ಲಿ ಓಡುತ್ತಿದೆ, ಆರ್‌ಎಫ್‌ಸಿ 560, ವೋಲ್ಟೇಜ್ 1.37. ನೋಟ್‌ಬುಕ್ಕಿನ ಹಾಳೆಯಲ್ಲಿ ಇಷ್ಟನ್ನೂ ಬರೆದು ಕ್ಯಾಬಿನೆಟ್‌ನ ಬಾಗಿಲ ಒಳಗೆ ಸೆಲೋಟೇಪ್ ಹಾಕಿ ಅಂಟಿಸಿದ್ದಾನೆ. ಕೆಳಗೆ ತಾರೀಕು, ಅದರ ಪಕ್ಕ "ಮೇ ತಿಂಗಳಲ್ಲಿ ಮತ್ತೆ ಟೆಸ್ಟ್".